ರಿಯಲೈಜ್ ಆಗುವುದು, ಮಾಡಿಕೊಳ್ಳುವುದು

ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರೆಂದು ಹೆಸರಾಗಿ, ಈಚೆಗೆ ಶರಣರ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ ವಚನಶಿಲಾಮಂಟಪದಿಂದ ಯಾತ್ರಿಕರನ್ನು ಬರಮಾಡಿಕೊಳ್ಳುತ್ತಿರುವ ನಮ್ಮ ಇಂಗಳೇಶ್ವರದಲ್ಲಿ, ಒಂದು ಸಂಗತಿಯು ಮನುಷ್ಯನ ಅರಿವಿಗೆ ಬಂದಿತೆಂದು ಹೇಳುವುದಕ್ಕೆ ಶಬ್ದದಾರಿದ್ರ್ಯವು ಎಂದೂ ಇದ್ದುದಿಲ್ಲ. ‘ಗೊತ್ತಾತು’, ‘ತಿಳೀತು’, ‘ಹೊಳೀತು’ ಎಂಬಿವು ನಿತ್ಯದ ಖರ್ಚಿಗೆ ಸಾಕಾಗುತ್ತವೆ. ನೆರೆಯ ಮರಾಠಿಯ ಸಹವಾಸದಿಂದ ‘ಲಕ್ಷಕ್ಕ ಬಂತು’ ಎಂಬುದೂ, ಉರ್ದುವಿನ ಒಡನಾಟದಿಂದ ‘ಖಬರ್ ಬಂತು’ ಎಂಬುದೂ ಕೂಡಿಕೊಂಡಿವೆ; ಇವಾವುವೂ ಒದಗದ ಪುರುಷನಿಗೆ ‘ಖಬರಗೇಡಿ’ ಎಂಬ ಬಿರುದು ಸಿದ್ಧವಾಗಿಯೇ ಇದೆ. ಇಷ್ಟೊಂದು ಸಂಪತ್ತು ಮನೆಯಲ್ಲಿರಲು, ಅಗಸಿಯ ಕಟ್ಟೆಯ ಮೇಲೆ ಕುಳಿತ ಗೃಹಸ್ಥರು, ಇಂಗ್ಲಿಷಿನ ಮತ್ತಾವ ಕ್ರಿಯಾಪದವನ್ನೂ ಹತ್ತಿರಕ್ಕೆ ಬಿಟ್ಟುಕೊಳ್ಳದವರು, ‘ಈಗ ನನಗ ರಿಯಲೈಜ್ ಆತು ನೋಡ್ರಿ’ ಎಂದು ನಿಟ್ಟುಸಿರಿಡುವುದನ್ನು ಕೇಳಿದಾಗ, ಈ ಶಬ್ದದ ಕುಲಗೋತ್ರಗಳನ್ನು ವಿಚಾರಿಸಬೇಕೆಂಬ ಕುತೂಹಲವು ನನಗೆ ಹುಟ್ಟಿತು.

ವಿಚಾರಿಸಿದರೆ, ಅದು ತನ್ನ ಜನ್ಮಭೂಮಿಯಲ್ಲಿಯೂ ಏಕಪತ್ನೀವ್ರತಸ್ಥನಲ್ಲ. ‘ನಿಜವನ್ನಾಗಿ ಮಾಡು’ ಎಂಬುದು ಅದರ ಮೂಲಾರ್ಥ. ವ್ಯಾಪಾರಸ್ಥರ ಕೈಸೇರಿದ ಮೇಲೆ ಆಸ್ತಿಯನ್ನು ಮಾರಿ ನಗದು ಮಾಡಿಕೊಳ್ಳುವುದೆಂಬ ಅರ್ಥವನ್ನೂ ಅದು ಪಡೆಯಿತು. ನಮ್ಮವರು ಮೆಚ್ಚಿದ ‘ಮನಗಾಣು’ ಎಂಬ ಅರ್ಥವು ಅಮೆರಿಕದಲ್ಲಿ ಹೆಚ್ಚಾಗಿ ಚಲಾವಣೆಗೆ ಬಂದುದರಿಂದ, 19ನೆಯ ಶತಮಾನದ ಇಂಗ್ಲೆಂಡಿನ ಭಾಷಾಶುದ್ಧಿವಾದಿಗಳು ಅದನ್ನು ಹೊರಗಿನದೆಂದು ಬಗೆದು ಮೂಗು ಮುರಿದರು. ಆ ಮಹನೀಯರು ಇಂದು ಬದುಕಿದ್ದು ನಮ್ಮ ಕಟ್ಟೆಗೆ ಬಂದಿದ್ದರೆ ಅವರ ಮೂಗಿನ ಗತಿಯೇನಾಗುತ್ತಿತ್ತೋ ಊಹಿಸಲಾರೆ.

ಈ ಅರ್ಥಬಾಹುಳ್ಯದಿಂದ ಒದಗುವ ಸಂಕಟವನ್ನು ನಮ್ಮ ಬಾಗೇವಾಡಿ ತಾಲೂಕಿನ ಒಂದು ಬ್ಯಾಂಕಿನಲ್ಲಿ ಕಣ್ಣಾರೆ ಕಂಡೆನು. ತೊಗರಿ ಮಾರಿದ ಹಣದ ಚೆಕ್ಕನ್ನು ಕಟ್ಟಿ, ಪಾಸ್‌ಬುಕ್ಕನ್ನು ಎದೆಗವಚಿಕೊಂಡು ಬಂದಿದ್ದ ಹಿರಿಯರೊಬ್ಬರಿಗೆ ಕಿಟಕಿಯ ಆಚೆಯ ಹುಡುಗನು ವಿನಯದಿಂದಲೇ, “ಮುತ್ಯಾ, ನಿಮ್ಮ ಚೆಕ್ಕು ಇನ್ನಾ ರಿಯಲೈಜ್ ಆಗಿಲ್ಲರಿ” ಎಂದನು. ಮನೆಯಲ್ಲಿ ಮೊಮ್ಮಕ್ಕಳ ಬಾಯಿಂದ ಆ ಶಬ್ದವನ್ನು ಬುದ್ಧಿ ಬರುವುದೆಂಬ ಅರ್ಥದಲ್ಲಿಯೇ ಕೇಳಿ ಬಲ್ಲ ಮುತ್ಯಾ ಕ್ಷಣಕಾಲ ಅವನ ಮುಖವನ್ನೇ ನೋಡಿ, “ಚೆಕ್ಕಿಗೆ ಯಾವಾಗರ ರಿಯಲೈಜ್ ಆಗಲಿ ತಮ್ಮಾ, ಮೊದಲ ನಿಮ್ಮ ಸಾಹೇಬಗ ಆಗಬೇಕು” ಎಂದರು. ಸರತಿಯಲ್ಲಿದ್ದವರೆಲ್ಲ ನಕ್ಕರು, ಸಾಹೇಬರು ಒಳಗಿನ ಕೋಣೆಯಲ್ಲಿದ್ದುದರಿಂದ ಅವರಿಗೆ ಏನೂ ಆಗಲಿಲ್ಲ.

ಇಂತಹ ಶಬ್ದಕ್ಕೆ ಪರಮೋಚ್ಚ ಪದವಿಯೊಂದು ದೊರೆತುದೂ ನಮ್ಮ ಸೀಮೆಯಲ್ಲಿಯೇ ಎಂಬುದನ್ನು ಮರೆಯಲಾಗದು. ಜಮಖಂಡಿಯಲ್ಲಿ 1886ರಲ್ಲಿ ಜನಿಸಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮವನ್ನು ಪಡೆದು, ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿಯೂ ಕುಲಪತಿಗಳಾಗಿಯೂ ಇದ್ದ ಗುರುದೇವ ರಾನಡೆಯವರು ತಮ್ಮ ಆಶ್ರಮವನ್ನು ಕಟ್ಟಿಕೊಂಡುದು ಇಂಡಿ ತಾಲೂಕಿನ ನಿಂಬಾಳದಲ್ಲಿ. 1957ರಲ್ಲಿ ದೇಹವಿಟ್ಟುದೂ ಅಲ್ಲಿಯೇ. ಉಪನಿಷತ್ತುಗಳ ಮೇಲಿನ ಅವರ 1926ರ ಮಹಾಗ್ರಂಥವು ಮೊದಲ್ಗೊಂಡು, ಕನ್ನಡ ಸಾಹಿತ್ಯದಲ್ಲಿಯ ಪರಮಾರ್ಥಪಥವನ್ನು ಕುರಿತು ಅವರಾಡಿದ ಮಾತುಗಳವರೆಗೆ ಎಲ್ಲಿ ತೆರೆದರೂ, ‘ಗಾಡ್ ರಿಯಲೈಜೇಶನ್’, ‘ಸೆಲ್ಫ್ ರಿಯಲೈಜೇಶನ್’ ಎಂಬ ಮಾತುಗಳು ಎದುರಾಗುತ್ತವೆ. ಕನ್ನಡದಲ್ಲಿ ನಾವು ಸಾಕ್ಷಾತ್ಕಾರವೆನ್ನುವುದು ಇದನ್ನೇ. ಹೀಗೆ ಒಂದೇ ಜಿಲ್ಲೆಯಲ್ಲಿ ನಿಂಬಾಳದ ಸಾಧಕನು ದೇವರನ್ನೂ ಬಾಗೇವಾಡಿಯ ಒಕ್ಕಲಿಗನು ಚೆಕ್ಕನ್ನೂ ಅದೇ ಕ್ರಿಯಾಪದದಿಂದ ಕಾಯುತ್ತಿದ್ದಾರೆ. ತಡವಾಗುವ ವಿಷಯದಲ್ಲಿ ಎರಡಕ್ಕೂ ಅಷ್ಟೇನೂ ಭೇದವಿಲ್ಲವೆಂದು ಮುತ್ಯಾನ ಅಭಿಪ್ರಾಯ.

ಆದರೆ ನನ್ನನ್ನು ಹೆಚ್ಚು ವಿನೋದಪಡಿಸಿದುದು ನಮ್ಮ ಜನ ಈ ಪರದೇಶಿಗೆ ಕಲಿಸಿದ ವ್ಯಾಕರಣ. ಇಂಗ್ಲಿಷಿನವನು ‘ನಾನು’ ಎಂದು ಕರ್ತೃವಾಗಿ ನಿಂತು ಆ ಕ್ರಿಯೆಯನ್ನು ತಾನೇ ಮಾಡುತ್ತಾನೆ. ನಾವೋ, ‘ನನಗೆ ತಿಳಿಯಿತು’ ಎಂದು ಚತುರ್ಥೀ ವಿಭಕ್ತಿಯ ನೆರಳಿನಲ್ಲಿ ಕುಳಿತು, ತಿಳಿವು ತಾನಾಗಿ ಬಂದರೆ ಬರಲೆಂದು ಬಿಡುವವರು. ಆದುದರಿಂದ ತನ್ನ ವಿಷಯಕ್ಕೆ ಬಂದಾಗ ಇಂಗಳೇಶ್ವರದವನು ‘ನನಗ ರಿಯಲೈಜ್ ಆತು’ ಎನ್ನುತ್ತಾನೆ. ಆಗದಿದ್ದಷ್ಟು ದಿವಸ ಅವನದೇನೂ ಅಪರಾಧವಿಲ್ಲ. ಪರರ ವಿಷಯ ಬಂದ ಕೂಡಲೇ ಅದೇ ಶಬ್ದವು ಸಕರ್ಮಕವಾಗಿ ಸೊಂಟಕಟ್ಟಿ ನಿಲ್ಲುತ್ತದೆ: ‘ಅಂವ ರಿಯಲೈಜ್ ಮಾಡ್ಕೋಬೇಕು!’ ಹೊಲದ ಬದುವಿನ ಸಲುವಾಗಿ ಮಾತುಬಿಟ್ಟ ಇಬ್ಬರು ಅಣ್ಣತಮ್ಮಂದಿರನ್ನು ನಾನು ಬಲ್ಲೆ. ಹಿರಿಯರು ಕರೆದು ಕೂಡ್ರಿಸಿದಾಗ ಅಣ್ಣನು, ತಮ್ಮನು ರಿಯಲೈಜ್ ಮಾಡಿಕೊಂಡರೆ ತನ್ನದೇನೂ ತಕರಾರಿಲ್ಲವೆಂದನು. ತಮ್ಮನೂ ಅಕ್ಷರಶಃ ಅದನ್ನೇ ಅಣ್ಣನ ಕುರಿತು ಹೇಳಿದನು. ಇಂತಹ ಸಂಪೂರ್ಣ ಮತೈಕ್ಯವನ್ನು ಕಂಡ ಹಿರಿಯರು ಚಹಾ ಕುಡಿದು ಎದ್ದರು. ಬದುವು ಇದ್ದಲ್ಲಿಯೇ ಇದೆ.

ಅರಿತುದು ಆಚಾರಕ್ಕೆ ಬಾರದಿದ್ದರೆ ಅದನ್ನು ಅರಿವೆಂದು ಶರಣರು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ದೃಷ್ಟಿಯಿಂದ ನೋಡಿದರೆ, ಮನಗಾಣುವುದನ್ನೂ ನಿಜಗೊಳಿಸುವುದನ್ನೂ ಒಂದೇ ಧಾತುವಿನಲ್ಲಿಟ್ಟುಕೊಂಡ ಈ ಪರಭಾಷಾಶಬ್ದವು ಬಸವಣ್ಣನವರ ಸೀಮೆಗೆ ಅಯೋಗ್ಯವೇನೂ ಅಲ್ಲ. ಅರ್ಧವನ್ನು ಮಾತ್ರ ಆಮದು ಮಾಡಿಕೊಂಡು ಉಳಿದರ್ಧವನ್ನು ಬಂದರಿನಲ್ಲಿಯೇ ಬಿಟ್ಟುಬಂದವರು ನಾವು. ಪೂರ್ತಿಯಾಗಿ ಬಳಸಿದವರು ಯಾರೂ ಇಲ್ಲವೆಂದಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತ ತಾಡವೋಲೆಗಳಿಗಾಗಿ ಊರೂರು ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರು ಆ ವಚನಗಳ ಬೆಲೆಯನ್ನು ಮನಗಂಡರು; ಇದು ಒಂದನೆಯ ಅರ್ಥ. ಇದ್ದ ಸ್ವಂತ ಮನೆಯನ್ನು ಮಾರಿ ನಗದು ಮಾಡಿದರು. ಇದು ಬ್ಯಾಂಕಿನವರ ಅರ್ಥ. ಆ ಹಣದಿಂದ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ಅಂದುಕೊಂಡುದನ್ನು ನಿಜವನ್ನಾಗಿ ಮಾಡಿದರು, ಇದು ಮೂಲಾರ್ಥ. ಆ ಕ್ರಿಯಾಪದವನ್ನು ಇಷ್ಟು ನಿರ್ದುಷ್ಟವಾಗಿ ಪ್ರಯೋಗಿಸಿದ ಮತ್ತೊಬ್ಬರನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಾಣೆ.