ಸೋಲಿಸಿ, ಸತಾಯಿಸಬೇಡಿ

ಎಲ್ಡನ್ ರಿಂಗ್ ಎಂಬ ವಿಡಿಯೊ ಗೇಮ್ ಕಷ್ಟ ಎಂದು ಗೊಣಗುವ ಹುಡುಗರಿಗೆ ಒಂದು ಶನಿವಾರ ಸಂಜೆ ಕಾರಿನ ಕೀಲಿ ಕೊಟ್ಟು ಬೆಂಗಳೂರಿನ ಶಿವಾಜಿನಗರಕ್ಕೆ ಅಟ್ಟಬೇಕು. ರಸೆಲ್ ಮಾರುಕಟ್ಟೆಯಿಂದ ಒಂದು ಕಿಲೋ ಅಂಜಲ್ ಮೀನು ತಂದರೆ ಗೆದ್ದಂತೆ. ಅರ್ಧ ಜನ ಬ್ರಾಡ್‌ವೇ ರಸ್ತೆ ದಾಟುವ ಮೊದಲೇ ಆಟ ಬಿಟ್ಟು, ಫೋನಿನಲ್ಲಿ ಮೀನು ತರಿಸಿಕೊಂಡು, ಅಮ್ಮನ ಹತ್ತಿರ ‘ಮಾರ್ಕೆಟ್ಟಿಂದಲೇ ತಂದೆ’ ಎನ್ನುತ್ತಾರೆ.

ಈಗಿನವರಿಗೆ ತಾಳ್ಮೆಯೇ ಇಲ್ಲ ಎಂದು ಹಿರಿಯರು ಕೂತಲ್ಲೇ ತೀರ್ಪು ಕೊಡುತ್ತಾರೆ. ಸುಳ್ಳು. ಇದೇ ಹುಡುಗರು 2011ರ ಡಾರ್ಕ್ ಸೋಲ್ಸ್ ಎಂಬ ಆಟದಲ್ಲಿ ಒಬ್ಬನೇ ರಾಕ್ಷಸನ ಕೈಯಲ್ಲಿ ರಾತ್ರಿಯಿಡೀ ಸಾಯುತ್ತಾರೆ. ‘ನೀನು ಸತ್ತೆ’ ಎಂದು ಪರದೆ ಕೆಂಪಕ್ಷರದಲ್ಲಿ ಸಾರಿದರೂ ಮೈ ಕೊಡವಿ ಏಳುತ್ತಾರೆ. ಯಾಕೆಂದರೆ ಆ ರಾಕ್ಷಸನಿಗೊಂದು ನಿಯತ್ತಿದೆ: ಹೊಡೆಯುವ ಮೊದಲು ಕೈ ಎತ್ತುತ್ತಾನೆ. ಎಲ್ಲಿ ಹೊರಳಬೇಕಿತ್ತು ಎಂಬುದು ಸತ್ತವನಿಗೂ ಗೊತ್ತಾಗುತ್ತದೆ. ಆಟ ಬೇಜಾರಾಗುವುದು ಯಾಕೆ ಸತ್ತೆ ಎಂದೇ ತಿಳಿಯದಾಗ. ಇಲ್ಲವೇ, ಅದೇ ರಾಕ್ಷಸನ ಮುಖ ಮತ್ತೆ ನೋಡಲು ಅದೇ ಹಾಳು ದಾರಿಯನ್ನು ಮೊದಲಿನಿಂದ ತುಳಿಯಬೇಕಾದಾಗ.

ರಸೆಲ್ ಮಾರುಕಟ್ಟೆಯ ಮೀನಿನವರಿಗೂ ಈ ನಿಯತ್ತಿದೆ. ಸಾವಿರದಿನ್ನೂರು ಅನ್ನುತ್ತಾರೆ, ನೀವು ಎಂಟುನೂರು ಅನ್ನುತ್ತೀರಿ. ಅವರು ನಿಮ್ಮನ್ನು ಅಲ್ಲೇ ಬಿಟ್ಟು ಪಕ್ಕದ ಗಿರಾಕಿಯ ಜೊತೆ ಉರ್ದುವಿನಲ್ಲೋ ತಮಿಳಿನಲ್ಲೋ ಮಾತಿಗಿಳಿಯುತ್ತಾರೆ. ಕಿವಿರು ಎತ್ತಿ ನೋಡದೆ ಬೆಲೆ ಕೇಳಿದಿರಲ್ಲ, ಸೋತದ್ದು ಅಲ್ಲಿ. ‘ಮೊದ್ಲು ಮೀನು ನೋಡಿ ಸಾರ್, ಆಮೇಲೆ ರೇಟು’ ಎಂದು ಗೆದ್ದವರೇ ಪಾಠವನ್ನೂ ಹೇಳಿಕೊಡುತ್ತಾರೆ. ಮುಂದಿನ ಸಲ ನೋಡುತ್ತೀರಿ, ನೂರು ರೂಪಾಯಿ ಇಳಿಯುತ್ತದೆ. 1927ರಲ್ಲಿ ಎದ್ದ ಈ ಕಟ್ಟಡದಲ್ಲಿ ಕಂಟೋನ್ಮೆಂಟಿನ ಎಷ್ಟೋ ಮನೆಗಳ ಅಜ್ಜಿಯಂದಿರು ಹೀಗೆ ಸೋತೇ ಪಳಗಿದವರು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಅಂಗಡಿಗಳು ಸುಟ್ಟಾಗಲೂ ವ್ಯಾಪಾರಿಗಳು ಆಟ ಬಿಟ್ಟು ಏಳಲಿಲ್ಲ.

ಗಿರಾಕಿಯನ್ನು ಎಬ್ಬಿಸುವುದು ಹೊರಗಿನ ರಸ್ತೆ. ಹೋದ ಸಲ ಬಲಕ್ಕೆ ತಿರುಗಿದ ಜಾಗದಲ್ಲಿ ಈ ಸಲ ಮೆಟ್ರೊದವರ ತಗಡು. ಚರಂಡಿಗೆಂದು ಅಗೆದದ್ದನ್ನು ಮುಚ್ಚುತ್ತಾರೆ, ಕೇಬಲ್ಲಿಗೆಂದು ತೆಗೆಯುತ್ತಾರೆ. ನೋ ಪಾರ್ಕಿಂಗ್ ಫಲಕ ಎಳನೀರು ಗಾಡಿಯ ಹಿಂದೆ; ದಂಡದ ಸಂದೇಶ ಮಾತ್ರ ತಪ್ಪದೆ ಮೊಬೈಲಿಗೆ. ಇಲ್ಲಿ ಯಾರೂ ಕೈ ಎತ್ತಿ ಹೊಡೆಯುವುದಿಲ್ಲ.

1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಮನೆಯಲ್ಲಿ ಆಡುವ ಯಂತ್ರಕ್ಕೆ ಇಳಿಸುತ್ತಿದ್ದ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ, ಪರೀಕ್ಷೆಗೆಂದು ತಾವೇ ಆಡಿ ನೋಡಿ, ಸುಸ್ತಾಗಿ, ಒಂದು ಕಳ್ಳದಾರಿ ಇಟ್ಟುಕೊಂಡರು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಕಾಂಟ್ರಾ ಆಡಿದವರಿಗೆ 30 ಜೀವ ದಯಪಾಲಿಸಿದ್ದೂ ಇದೇ. ನಮ್ಮ ರಸ್ತೆಯ ನಿರ್ಮಾತೃಗಳಿಗೂ ಕಳ್ಳದಾರಿಯುಂಟು, ಮುಂದೊಂದು ಸೈರನ್ ಜೀಪು. ಹಶಿಮೊಟೊ ಅವರದು ಲೋಕದ ಹುಡುಗರಿಗೆಲ್ಲ ಸಿಕ್ಕಿತು. ಇವರದು ಇವರಿಗೇ. ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ, ಅವರು ತಾವು ಮಾಡಿದ ಆಟವನ್ನು ಒಮ್ಮೆಯಾದರೂ ಆಡಿದ್ದರು.

ನಗರಾಡಳಿತದ ಹೊಸ ಆವೃತ್ತಿಗಳಿಗೇನೂ ಬರವಿಲ್ಲ. 1949ರಲ್ಲಿ ದಂಡು ಮತ್ತು ಪೇಟೆಯ ಪುರಸಭೆಗಳನ್ನು ಸೇರಿಸಿ ಕಾರ್ಪೊರೇಷನ್, 2007ರಲ್ಲಿ ಹಿಗ್ಗಿಸಿ ಬಿಬಿಎಂಪಿ, 2025ರಲ್ಲಿ ಒಡೆದು ಐದು ಪಾಲಿಕೆ. ನಡುವೆ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಒತ್ತೋಣವೆಂದರೆ ಆಟಗಾರನ ಕೈಯಲ್ಲಿ ಒಂದು ಗುಂಡಿಯೂ ಇರಲಿಲ್ಲ, ಇದ್ದವೆಲ್ಲ ರಸ್ತೆಯಲ್ಲಿ.

ಆದರೂ ಹೋಗಿ. ಕಾರು ಮನೆಯಲ್ಲಿರಲಿ. ಶಿವಾಜಿನಗರ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಬೆಳಗ್ಗೆ ಬೇಗ ಹೊರಡಿ, ಜೇಬಿನಲ್ಲಿ ಚಿಲ್ಲರೆ ಇರಲಿ, ಬೆಲೆ ಕೇಳುವ ಮೊದಲು ಕಿವಿರು ನೋಡಿ.