ಕಷಾಯ ಮಾವ

ಫರಂಗಿಪೇಟೆಯಲ್ಲಿ ಬಿ.ಸಿ. ರೋಡ್ ಬಸ್ಸಿಗೆ ಕಾಯುವಾಗ ತಪ್ಪಿಯೂ ಕೆಮ್ಮಬಾರದು. ಕೆಮ್ಮಿದಿರೋ, ಕಷಾಯ ಮಾವ ಕೊಡೆ ಮಡಚಿಕೊಂಡು ಪಕ್ಕಕ್ಕೆ ಬಂದರೆಂದೇ ಲೆಕ್ಕ. “ಶುಗರ್ ಉಂಟಾ?” ಎಂಬುದು ಮೊದಲ ಪ್ರಶ್ನೆ. ಇಲ್ಲವೆಂದರೆ “ಬರ್ತದೆ ಬಿಡಿ” ಎಂದು ಸಮಾಧಾನ.

ಅವರಿಗಂತೂ ಉಂಟು. ಅದು ಬಂದ ಮೇಲೆ ಅಂಗಳದ ದಾಸವಾಳವೆಲ್ಲ ಹೋಗಿ ಇನ್ಸುಲಿನ್ ಗಿಡ, ಅಮೃತಬಳ್ಳಿ ಬಂದಿವೆ. ಬೆಳಿಗ್ಗೆ ಮೆಂತೆ ನೀರು, ಹತ್ತಕ್ಕೆ ಹಾಗಲಕಾಯಿ ರಸ, ಸಂಜೆ ನೇರಳೆ ಬೀಜದ ಹುಡಿ. ರಾತ್ರಿ ಊಟದ ಜೊತೆ, ಯಾರೂ ನೋಡದ ಹಾಗೆ, ಡಾಕ್ಟರು ಬರೆದ ಮೆಟ್‌ಫಾರ್ಮಿನ್. “ಅದು ಸುಮ್ಮನೆ, ಸಪೋರ್ಟಿಗೆ.” ಸಕ್ಕರೆ ಇಳಿದರೆ ಹೆಸರು ಎಲೆಗೆ, ಏರಿದರೆ ದೂರು ಮಾತ್ರೆಗೆ. ಆ ಮಾತ್ರೆಯಷ್ಟು ತಾಳಿಕೊಂಡು ಬಾಳುವ ಸೊಸೆ ಈ ತಾಲೂಕಿನಲ್ಲಿಲ್ಲ.

ಕೊಲೆಸ್ಟ್ರಾಲಿಗೆ ಬಿಂಬುಳಿ ರಸ ಶುರುಮಾಡಿದಾಗ ನಾನು ಬಾಯಿ ಹಾಕಿದೆ. ಹಾಗೆ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರ ಬಗ್ಗೆ ಕೇರಳದ ವೈದ್ಯರು 2013ರಲ್ಲೇ ಬರೆದಿದ್ದಾರೆ. ಸಾರಿಗೆ ನಾಲ್ಕು ಹಾಕುವುದು ಬೇರೆ, ಲೋಟಗಟ್ಟಲೆ ಕುಡಿದರೆ ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ ಎಂದೆ. “ಕೇರಳದ ಬಿಂಬುಳಿ ಬೇರೆ ಮಾರಾಯ್ರೆ!” ಹಿಂದೆ ಆಟಿ ಅಮಾವಾಸ್ಯೆಯ ಕಷಾಯಕ್ಕೆ ಹಾಳೆ ಮರದ ತೊಗಟೆ ತರುವವರು ಹಿಂದಿನ ದಿನವೇ ಮರ ಗುರುತಿಸಿ ಬರುತ್ತಿದ್ದರು, ಕತ್ತಲಲ್ಲಿ ತಪ್ಪಿ ವಿಷದ ಕಾಸರಕಕ್ಕೆ ಕೈ ಹಾಕಿದರೆ ಕಥೆ ಮುಗಿಯಿತಲ್ಲ! ಅಜ್ಜಂದಿರಿಗಿದ್ದ ಆ ಹೆದರಿಕೆ ಮಾವನಿಗಿಲ್ಲ.

ವಾದಕ್ಕೆ ಮಂಗಳೂರಿನಲ್ಲಿ ಆಸ್ಪತ್ರೆ ಕಟ್ಟಿದ ಫಾದರ್ ಮುಲ್ಲರ್ ಅವರನ್ನೂ ಕರೆತರುತ್ತಾರೆ. “1880ರಲ್ಲಿ ಕಂಕನಾಡಿಯ ಆಲದ ಮರದಡಿಯಲ್ಲಿ ಹೋಮಿಯೋಪತಿ ಕೊಟ್ಟೇ ಶುರು ಮಾಡಿದ್ದಲ್ವಾ?” ಹೌದು. ಆದರೆ ಅದೇ ಹೆಸರಿನ ಆಸ್ಪತ್ರೆ ಈಗ ಪಕ್ಕದ ತುಂಬೆಯಲ್ಲೂ ಉಂಟು. ಅಲ್ಲಿ ಮೊದಲು ರಕ್ತ ತೆಗೆದು ನೋಡುತ್ತಾರೆ. ಮಾವನಿಗೆ ಆ ಭಾಗ ಇಷ್ಟವಿಲ್ಲ.

ಇತ್ತೀಚೆಗೆ ಚೀಲದಲ್ಲಿ ಒಂದು ಡಬ್ಬಿಯೂ ಇರುತ್ತದೆ, ಚೈನ್ ಬಿಸಿನೆಸ್ಸಿನದು. “ಔಷಧವಾಗಿ ಬಳಸಲು ಅಲ್ಲ” ಎಂದು ಅದರ ಮೇಲೆಯೇ ಅಚ್ಚು ಹಾಕಿದೆ. ಕನ್ನಡಕ ಏರಿಸಿ ಓದಿ, “ಸರ್ಕಾರ ಹಾಗೆ ಬರೆಯಿಸ್ತದೆ, ಮದ್ದಿನ ಕಂಪೆನಿ, ಡಾಕ್ಟರ್‌ಗಳ ಲಾಬಿ” ಎಂದರು. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದಕ್ಕೆ 1954ರ ಕಾಯಿದೆಯ ತಡೆ ಉಂಟು. ಬಸ್ ಸ್ಟ್ಯಾಂಡಿನಲ್ಲಿ ಕಿವಿಯಲ್ಲಿ ಹೇಳಿದರೆ ಅದು ಪರೋಪಕಾರ.

ರಕ್ತ ಪರೀಕ್ಷೆಗೆ ಎರಡು ದಿನ ಮೊದಲು ಮಾವ ಅನ್ನ ಬಿಟ್ಟು ಗಂಜಿತಿಳಿಯಲ್ಲಿರುತ್ತಾರೆ. ಖಾಲಿ ಹೊಟ್ಟೆಯ ಲೆಕ್ಕ ಚಂದ ಬರುತ್ತದೆ. ಆ ಚೀಟಿ ಊರೆಲ್ಲ ತಿರುಗುತ್ತದೆ. ಈ ಸಲ ಡಾಕ್ಟರು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಬರೆದುಬಿಟ್ಟರು. ಅದಕ್ಕೆ ಎರಡು ದಿನದ ಗಂಜಿತಿಳಿ ಲೆಕ್ಕಕ್ಕಿಲ್ಲ. ಬಂದದ್ದು 9.4.

ಚೀಟಿ ನನ್ನ ಮುಂದೆ ಬಿಡಿಸಿ ಹಿಡಿದರು. ಮುಖದಲ್ಲಿ ಬೇಸರದ ಗೆರೆಯೂ ಇಲ್ಲ.

“ನೋಡಿದ್ರಾ? ಕಷಾಯ ಇಲ್ಲದಿದ್ರೆ ಹನ್ನೆರಡು ದಾಟ್ತಿತ್ತು.”