ಲೈನಿಂಗ್ ಮಾರುವ ಯಜಮಾನರಿಗೆ ಒಂದು ಬಹಿರಂಗ ಪತ್ರ

ಯಜಮಾನರೇ,

ನಾನು ಬೆಂಗಳೂರಿನ ವಿಜಯನಗರದಲ್ಲಿ ರವಿಕೆ ಹೊಲಿಯುವವಳು. ಹೋದ ವಾರ ನೀವು ‘ಪ್ಯೂರ್ ಕಾಟನ್, ಕಣ್ಣು ಮುಚ್ಚಿ ತಗೊಳ್ಳಿ’ ಎಂದು ಕೊಟ್ಟ ಲೈನಿಂಗನ್ನು ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿದೆ. ಹೊಲಿಯುವ ಮುಂಚೆ ನೆನೆಸದಿದ್ದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ ರವಿಕೆ ಮುದುಡುತ್ತದೆ. ಬೆಳಿಗ್ಗೆ ಹರವಿದರೆ ಬಿಸಿಲೇರುವ ಮೊದಲೇ ಒಣಗಿತ್ತು. ಟೇಪು ಹಿಡಿದೆ, ಒಂದು ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ಅನುಮಾನ ಬಂತು.

ಪಕ್ಕದ ಮನೆಯ ಅಜ್ಜ ಬಿನ್ನಿ ಮಿಲ್ಲಿನಲ್ಲಿ ದುಡಿದವರು. ಹಾಸಿನದೊಂದು, ಹೊಕ್ಕಿನದೊಂದು ಎಳೆ ಬೇರೆ ಬೇರೆ ತೆಗೆದು ಸುಡಬೇಕು, ಒಂದರಲ್ಲಿ ಹತ್ತಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು ಎಂದು ಹೇಳಿಕೊಟ್ಟವರು ಅವರೇ. ಸ್ಟೀಲ್ ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದೆ, ಪಕ್ಕದಲ್ಲಿ ಒಂದು ಚೊಂಬು ನೀರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೂದಿ ಬೆರಳಿಗೆ ಹುಡಿಯಾಗುತ್ತದೆ. ನಿಮ್ಮ ಎಳೆ ಹಾಗೆ ಮಾಡಲಿಲ್ಲ. ಉರಿಗೆ ಹೆದರಿದಂತೆ ಹಿಂದಕ್ಕೆ ಮುದುರಿಕೊಂಡಿತು, ಕರಗಿತು, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಗಂಟು ನಿಂತಿತು. ಆರಿದ ಮೇಲೆ ಉಗುರಿನಿಂದ ಒತ್ತಿದರೂ ಪುಡಿಯಾಗಲಿಲ್ಲ. ಅದು ಪಾಲಿಯೆಸ್ಟರ್. ಹತ್ತಿ, ಪಾಲಿಯೆಸ್ಟರ್ ಎರಡೂ ಬೆರೆತ ಬಟ್ಟೆಯಾದರೆ ಬೂದಿಯೂ ಇರುತ್ತದೆ, ಅದರೊಳಗೆ ಮರಳಿನಂಥ ಕಾಳೂ ಸಿಗುತ್ತದೆ.

ವಿಸ್ಕೋಸ್ ಮಾತ್ರ ಈ ಪರೀಕ್ಷೆಯಲ್ಲಿ ಮೋಸ ಮಾಡುತ್ತದೆ, ಅದೂ ಕಾಗದದಂತೆಯೇ ಉರಿಯುತ್ತದೆ. ಅದಕ್ಕೆ ಎಳೆಯ ನಡುವೆ ಎಂಜಲು ಹಚ್ಚಿ ಜಗ್ಗಬೇಕು. ವಿಸ್ಕೋಸ್ ಒದ್ದೆಯಾದ ಕಡೆಯೇ ಪಟ್ಟೆಂದು ಹರಿಯುತ್ತದೆ. ಹತ್ತಿ ಒದ್ದೆಯಾದರೆ ಇನ್ನೂ ಗಟ್ಟಿ. ನೀರಿನ ಹನಿ ಇಟ್ಟು ನೋಡುವವರೂ ಇದ್ದಾರೆ, ಆದರೆ ಹೊಸ ಬಟ್ಟೆಯ ಗಂಜಿ ಒಗೆದು ಹೋಗುವವರೆಗೆ ಆ ಪರೀಕ್ಷೆ ನಂಬುವಂತಿಲ್ಲ.

ಪಾಲಿಯೆಸ್ಟರ್ ಮೇಲೆ ನನಗೆ ದ್ವೇಷವಿಲ್ಲ. ಶಾಲೆಯ ಯೂನಿಫಾರ್ಮಿಗೆ, ಮಳೆಗಾಲಕ್ಕೆ ಟೆರಿಕಾಟ್ ಒಳ್ಳೆಯದೇ. ಆದರೆ ಆ ಲೈನಿಂಗ್ ಹೋಗಬೇಕಿದ್ದದ್ದು ಬಸವೇಶ್ವರನಗರದ ಒಂದು ಮೆಸ್ಸಿನಲ್ಲಿ ದಿನವಿಡೀ ಒಲೆಯ ಮುಂದೆ ನಿಲ್ಲುವ ಹೆಂಗಸಿನ ರವಿಕೆಗೆ. ಬೆವರು ಅದರೊಳಗೇ ನಿಂತು ಮೈ ಕೆರೆಯುತ್ತದೆ. ಕಿಡಿ ಹಾರಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಗೂ ಬೆಂಕಿ ಹತ್ತುತ್ತದೆ, ಹಾಗೆ ಅಂಟಿಕೊಳ್ಳುವುದಿಲ್ಲ. ಕಾಟನ್ ಎಂದು ನಂಬಿ ಆಕೆ ಅದನ್ನೇ ತೊಟ್ಟು ನಿಂತಿರುತ್ತಿದ್ದಳು.

2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟರು. ಹುಬ್ಬಳ್ಳಿ ಬೆಂಗೇರಿಯಲ್ಲಿ ಖಾದಿ ಬಾವುಟ ಹೊಲಿಯುವ ಹೆಣ್ಣುಮಕ್ಕಳ ಹೊಟ್ಟೆಗೆ ಪೆಟ್ಟು ಬಿತ್ತು, ನನಗೂ ಸಂಕಟವಾಯಿತು. ಆದರೂ ಆ ಆದೇಶದಲ್ಲಿ ಪಾಲಿಯೆಸ್ಟರನ್ನು ಪಾಲಿಯೆಸ್ಟರ್ ಎಂದೇ ಬರೆದಿದ್ದರು. ನಿಮ್ಮ ಥಾನಿನ ಮೇಲೂ ಅಷ್ಟು ಬರೆಯಿರಿ, ಪಾಲಿಯೆಸ್ಟರನ್ನು ಪಾಲಿಯೆಸ್ಟರಿನ ಬೆಲೆಗೆ ಕೊಡಿ.

ಶನಿವಾರ ಬರುತ್ತೇನೆ. ಉಳಿದ ಆರು ಮೀಟರ್ ಲೈನಿಂಗೂ, ಒಂದು ಬೆಂಕಿಪೊಟ್ಟಣವೂ ನನ್ನ ಚೀಲದಲ್ಲಿರುತ್ತವೆ.

ಇಂತಿ,
ನಿಮ್ಮ ಹಳೆಯ ಗಿರಾಕಿ